ಲಾಲ್‌ಬಾಗನ್ನು ಮಾಡಿದವರು ಯಾರು?

ಬೆಂಗಳೂರಿಗೆ ಹೋದವರು ಲಾಲ್‌ಬಾಗನ್ನು ನೋಡದೆ ಊರಿಗೆ ಹಿಂದಿರುಗುವುದು ಅಪರೂಪ. ನೋಡಿ ಬಂದವರನ್ನು ‘ಅಲ್ಲಿ ಏನು ಕಂಡಿರಿ?’ ಎಂದು ಕೇಳಿದರೆ ಗಾಜಿನ ಮನೆ, ಹೂವಿನ ಗಡಿಯಾರ, ಬಂಡೆ, ಕೆರೆ ಎಂದು ನಾಲ್ಕು ಹೆಸರು ಹೇಳುತ್ತಾರೆ. ‘ಅದನ್ನು ಮಾಡಿದವರು ಯಾರು?’ ಎಂದು ಕೇಳಿದರೆ ಮಾತ್ರ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ಬಂದರೂ ಎಲ್ಲರದೂ ಒಂದೇ ಆಗಿರುವುದಿಲ್ಲ. ಹೈದರಾಲಿ ಎಂದು ಒಬ್ಬರು. ಅವನದು ಬರಿಯ ಹಣ್ಣುಹಂಪಲಿನ ತೋಟ, ಈಗ ನಾವು ನೋಡುವುದೆಲ್ಲ ಇಂಗ್ಲಿಷರದು ಎಂದು ಇನ್ನೊಬ್ಬರು. ಹಣ ಕೊಟ್ಟವರು ಮೈಸೂರಿನವರಲ್ಲವೆ, ಅವರ ಹೆಸರನ್ನೇಕೆ ಬಿಡುತ್ತೀರಿ ಎಂದು ಮೂರನೆಯವರು. ತುಮಕೂರು ಕಡೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುವ ನನಗೆ ವರ್ಷಕ್ಕೊಮ್ಮೆ ಮಕ್ಕಳನ್ನು ಈ ತೋಟಕ್ಕೆ ಕರೆದುಕೊಂಡು ಹೋಗುವ ಕೆಲಸ ಬಹುಕಾಲದಿಂದ ಅಂಟಿಕೊಂಡಿದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಬಸ್ಸಿನಲ್ಲಿ ಈ ಚರ್ಚೆ ನಡೆಯದ ವರ್ಷವಿಲ್ಲ. ಇತ್ತೀಚೆಗೆ ಅದರ ದನಿ ಸ್ವಲ್ಪ ಏರಿದೆ ಎಂದೂ ಹೇಳಬೇಕು. ಯಾವುದು ಯಾರದು ಎಂಬ ಲೆಕ್ಕ ಈಗ ಎಲ್ಲ ಕಡೆಯೂ ನಡೆಯುತ್ತಿರುವಾಗ ತೋಟವೊಂದು ಅದರಿಂದ ಹೇಗೆ ತಪ್ಪಿಸಿಕೊಂಡೀತು?

ನಾನು ಮಕ್ಕಳನ್ನು ಮೊದಲು ಹೂವಿನ ಕಡೆಗೆ ಬಿಡುವುದಿಲ್ಲ, ಬಂಡೆಯನ್ನು ಹತ್ತಿಸುತ್ತೇನೆ. ಬಿಸಿಲು ಏರಿದ ಮೇಲೆ ಬಂಡೆ ಕಾಲು ಸುಡುತ್ತದೆ ಎಂಬುದು ಒಂದು ಕಾರಣ. ತೋಟದ ಒಡೆತನದ ಮಾತನ್ನು ಅಲ್ಲಿಂದ ಆರಂಭಿಸಿದರೆ ಎಲ್ಲರಿಗೂ ಸ್ವಲ್ಪ ವಿನಯ ಬರುತ್ತದೆ ಎಂಬುದು ಇನ್ನೊಂದು. ಈ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿ ಫಲಕ ನಿಲ್ಲಿಸಿದ್ದಾರೆ. ಬಂಡೆಯ ನೆತ್ತಿಯ ಮೇಲೆ ಪುಟ್ಟ ಗೋಪುರವೊಂದಿದೆ. ಕೆಂಪೇಗೌಡರ ಮನೆತನದವರು ಊರಿನ ನಾಲ್ಕು ದಿಕ್ಕಿಗೆ ನಿಲ್ಲಿಸಿದ ನಾಲ್ಕು ಗೋಪುರಗಳಲ್ಲಿ ಇದೊಂದು. ಊರು ಇಷ್ಟು ದೂರ ಬೆಳೆದೀತು ಎಂಬ ಗುರುತಿಗಾಗಿ ಕಟ್ಟಿಸಿದ್ದೆಂದು ಜನ ಹೇಳುತ್ತಾರೆ. ಅಲ್ಲಿ ನಿಂತು ಸುತ್ತ ನೋಡಿದರೆ ಊರು ಗೋಪುರದ ಮಾತನ್ನು ಕೇಳಿಲ್ಲವೆಂಬುದು ಯಾರಿಗಾದರೂ ತಿಳಿಯುತ್ತದೆ. ಹೈದರಾಲಿಯ ಕಾಲಕ್ಕೆ ಇದೆಲ್ಲ ಊರ ಹೊರಗಿನ ಬಯಲು. ಕೋಟೆಯಿಂದ ಆಗ್ನೇಯಕ್ಕೆ ಒಂದು ಮೈಲಿ ನಡೆದರೆ ಬೇಕಾದಷ್ಟು ನೆಲ, ಬದಿಯಲ್ಲಿ ತಗ್ಗು, ತಗ್ಗಿನಲ್ಲಿ ನೀರು.

ಬೆಂಗಳೂರು ಹೈದರನ ಕೈಗೆ ಜಹಗೀರಾಗಿ ಬಂದದ್ದು 18ನೆಯ ಶತಮಾನದ ನಡುವಿನಲ್ಲಿ. 1760ರ ಸುಮಾರಿಗೆ ಆತ ಇಲ್ಲಿ 40 ಎಕರೆಯಷ್ಟು ನೆಲದಲ್ಲಿ ತೋಟವೆಬ್ಬಿಸಲು ತೊಡಗಿದ. ಕುದುರೆಯ ಮೇಲೆ ಬಾಳಿದ ದಂಡಿನ ಮನುಷ್ಯನಿಗೆ ತೋಟದ ಹಂಬಲ ಎಲ್ಲಿಂದ ಬಂದಿತು? ಇದಕ್ಕೆ ನಮ್ಮ ಜಿಲ್ಲೆಯವರು ಸ್ವಲ್ಪ ಹೆಮ್ಮೆಯಿಂದಲೇ ಉತ್ತರ ಹೇಳುತ್ತಾರೆ. ಶಿರಾದಲ್ಲಿ ಮೊಗಲರ ಸುಬೇದಾರನಾಗಿದ್ದ ದಿಲಾವರ್ ಖಾನನು ಖಾನ್‌ಬಾಗ್ ಎಂಬ ತೋಟವನ್ನು ಮಾಡಿಸಿದ್ದನು. ಬೆಂಗಳೂರಿನ ಲಾಲ್‌ಬಾಗಿನ ಕಲ್ಪನೆಗೆ ಅದೇ ಮೂಲವಿರಬಹುದೆಂದು ಲೂಯಿ ರೈಸರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಹೈದರನು ಶಿರಾವನ್ನು ಗೆದ್ದದ್ದು 1761ರಲ್ಲಿ. ತೋಟ ಅದಕ್ಕೆ ಒಂದು ವರ್ಷ ಮೊದಲೇ ಆರಂಭವಾಯಿತಲ್ಲ ಎಂದು ಜಾಣ ಹುಡುಗರು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಆದರೆ ಹೈದರನ ತಂದೆ ಫತೆ ಮಹಮ್ಮದ್ ಶಿರಾದ ಸುಬೇದಾರರ ಸೇವೆಯಲ್ಲಿದ್ದವನು, ಆ ಸೇವೆಯಲ್ಲೇ ಮಡಿದವನು. ತಂದೆ ಸತ್ತ ಮೇಲೆ ಹೈದರನೂ ಅವನ ಅಣ್ಣನೂ ದೊಡ್ಡಬಳ್ಳಾಪುರದಲ್ಲಿ ಸಾಲಗಾರರ ಕೈಯಲ್ಲಿ ಪಟ್ಟ ಪಾಡು ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಬಂದಿದೆ. ಶಿರಾದ ಸೀಮೆ ಅವನಿಗೆ ಗೆದ್ದ ಮೇಲೆ ಕಂಡ ಊರಲ್ಲ, ಬಾಲ್ಯದಿಂದ ಬಲ್ಲ ನೆಲ. ಖಾನ್‌ಬಾಗಿನ ಮಾತು ಅವನ ಕಿವಿಗೆ ಬೀಳಲು 1761ರವರೆಗೆ ಕಾಯಬೇಕಾಗಿರಲಿಲ್ಲ ಎಂದು ನಾನು ಭಾವಿಸುತ್ತೇನೆ. ಶಿರಾಕ್ಕೆ ಇದರಿಂದ ಬಂದ ಲಾಭವೇನೂ ಇಲ್ಲ. ಮುಂದೆ ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಗಂಜಾಮನ್ನು ತುಂಬಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತದಿಂದ ಸಾಗಿಸಲಾಯಿತೆಂದು ಅದೇ ಗೆಜೆಟಿಯರು ಹೇಳುತ್ತದೆ. ತೋಟದ ಕಲ್ಪನೆಯನ್ನು ಕೊಟ್ಟ ಊರು ಜನರನ್ನೂ ಕೊಡಬೇಕಾಯಿತು.

ಹೆಸರಿನ ವಿಷಯವಾಗಿ ಒಂದು ಮಾತು. ಲಾಲ್ ಎಂದರೆ ಕೆಂಪು, ಬಾಗ್ ಎಂದರೆ ತೋಟ. ಗುಲಾಬಿಗಳ ಕೆಂಪಿನಿಂದ ಈ ಹೆಸರು ಬಂದಿತೆಂಬುದು ರೂಢಿಯ ಮಾತು. ಬಾಗ್ ಎಂಬ ಫಾರಸಿ ಶಬ್ದ ನಮಗೆ ಹೊಸದಲ್ಲ. ಪಹಣಿಯನ್ನು ಕಂಡ ಪ್ರತಿಯೊಬ್ಬ ರೈತನಿಗೂ ಖುಷ್ಕಿ, ತರಿ, ಬಾಗಾಯ್ತು ಎಂಬ ಮೂರು ಮಾತು ಗೊತ್ತು. ತೆಂಗು ಅಡಕೆ ಬೆಳೆಯುವ ನಮ್ಮ ಬಾಗಾಯ್ತಿನಲ್ಲಿ ಇರುವ ಬಾಗೇ ಲಾಲ್‌ಬಾಗಿನಲ್ಲಿಯೂ ಇದೆ. ಈ ತೋಟದ ಹಾದಿಗಳ ಎರಡೂ ಬದಿಗೆ ನೀಳವಾಗಿ ಬೆಳೆದು ನಿಂತಿದ್ದ ಸೈಪ್ರೆಸ್ ಮರಕ್ಕೆ ಫಾರಸಿಯಲ್ಲಿ ಸರ್ವ್ ಎಂದು ಹೆಸರು. ನಮ್ಮ ಕಡೆ ಗಾಳಿಮರಕ್ಕೆ ಸರ್ವೆ ಎನ್ನುತ್ತೇವೆ. ಮರ ಬೇರೆ, ಆದರೆ ಎರಡು ಹೆಸರೂ ಕಿವಿಗೆ ಒಂದೇ ಮನೆಯ ಮಾತಿನಂತೆ ಕೇಳುತ್ತವೆ.

ಟಿಪ್ಪುವಿಗೆ ತಂದೆಗಿಂತ ಒಂದು ಕೈ ಹೆಚ್ಚಾಗಿಯೇ ಗಿಡಗಳ ಹುಚ್ಚಿದ್ದಿತು. 1788ರಲ್ಲಿ ಆತನ ರಾಯಭಾರಿಗಳು ಫ್ರಾನ್ಸಿನ 16ನೆಯ ಲೂಯಿ ದೊರೆಯ ಆಸ್ಥಾನಕ್ಕೆ ಹೋದಾಗ ಸೈನ್ಯದ ನೆರವಿನ ಜೊತೆಗೆ ಕುಶಲ ಕೆಲಸಗಾರರನ್ನೂ ಬೀಜ ಸಸಿಗಳನ್ನೂ ಕೇಳಿದರು. ಸೈನ್ಯ ದೊರೆಯಲಿಲ್ಲ. ಮುಂದಿನ ವರ್ಷವೇ ಫ್ರಾನ್ಸಿನಲ್ಲಿ ಕ್ರಾಂತಿಯಾಗಿ, ಕೆಲವು ವರ್ಷಗಳಲ್ಲಿ ಆ ದೊರೆಯ ತಲೆಯೇ ಉರುಳಿತು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರ ಮೇ ತಿಂಗಳಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತುತ್ತ ಬೆಂಗಳೂರಿಗೆ ಬಂದನು. ಅವನು ಕಂಡ ತೋಟ ಹೀಗಿತ್ತು: ನೆಲವನ್ನೆಲ್ಲ ಚೌಕ ಚೌಕವಾಗಿ ವಿಂಗಡಿಸಿ ನಡುವೆ ಹಾದಿ ಬಿಟ್ಟಿದ್ದರು, ಹಾದಿಯ ಬದಿಗೆ ಸೈಪ್ರೆಸ್ ಮರಗಳು, ಒಂದೊಂದು ಚೌಕದಲ್ಲಿ ಒಂದೊಂದೇ ಜಾತಿಯ ಗಿಡ. ಗುಲಾಬಿಯ ಪಾತಿಯಲ್ಲಿ ಗುಲಾಬಿಯೇ, ದಾಳಿಂಬೆಯದರಲ್ಲಿ ದಾಳಿಂಬೆಯೇ. ಸೇಬು, ಪೀಚು ಇಲ್ಲಿ ಹಣ್ಣು ಬಿಡುತ್ತಿದ್ದುವು. ಗುಡ್‌ಹೋಪ್ ಭೂಶಿರದಿಂದ ತರಿಸಿದ ಪೈನ್, ಓಕ್ ಸಸಿಗಳು ಚಿಗುರಿಕೊಂಡಿದ್ದುವು. ಈ ಕಡೆಯ ಮಾತನ್ನು ಸ್ವಲ್ಪ ಗಮನಿಸಬೇಕು. ಹೈದರ್ ಟಿಪ್ಪುಗಳದು ಬರಿಯ ವಿಹಾರದ ಬನ, ಪರೀಕ್ಷೆಯ ತೋಟವೆಂಬುದು ಇಂಗ್ಲಿಷರ ಕಾಲದ್ದು ಎನ್ನುವವರಿದ್ದಾರೆ. ಬೇರೆ ಖಂಡದ ಸಸಿಯನ್ನು ಹಡಗಿನಲ್ಲಿ ತರಿಸಿ ಬೆಂಗಳೂರಿನ ಮಣ್ಣಿನಲ್ಲಿ ಊರಿ ಬದುಕುವುದೇ ಎಂದು ನೋಡುವುದು ಪರೀಕ್ಷೆಯಲ್ಲದೆ ಮತ್ತೇನು? ಶಾಸ್ತ್ರದ ಹೆಸರು ಮಾತ್ರ ಇರಲಿಲ್ಲ.

ಈ ತೋಟ ಉಳಿದದ್ದೇ ಒಂದು ವಿಶೇಷ. ಏಕೆಂದರೆ ಇದಕ್ಕೊಂದು ಅವಳಿ ಇತ್ತು. ಶ್ರೀರಂಗಪಟ್ಟಣದ ದ್ವೀಪದ ಪೂರ್ವದ ಕೊನೆಯಲ್ಲಿ, ಹೈದರನ ಗೋರಿಯಿರುವಲ್ಲಿ, ಅದೇ ಹೆಸರಿನ ಇನ್ನೊಂದು ಲಾಲ್‌ಬಾಗನ್ನು ಬೆಳೆಸಿದ್ದರು. 1792ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದಾಗ ಕಂದಕ ತುಂಬಲು, ಮರೆ ಕಟ್ಟಲು ಕಟ್ಟಿಗೆಯ ಹೊರೆಗಳು ಬೇಕಾದುವು. ಸುತ್ತ ಕೈಗೆ ಸಿಗುವಂತಿದ್ದುದು ಸುಲ್ತಾನನ ತೋಟ. ವರ್ಷಗಟ್ಟಲೆ ನೀರುಣಿಸಿ ಬೆಳೆಸಿದ ಮರಗಳು ಕೆಲವೇ ದಿನಗಳಲ್ಲಿ ಉರುಳಿದುವು. ಈಗ ಗುಂಬಜನ್ನು ನೋಡಲು ಹೋಗುವವರು ಅಲ್ಲಿ ಕಾಣುವ ಹಸುರು ಆಮೇಲಿನದು. 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದದ್ದೂ ಇದೇ ಸೈನ್ಯವೇ. ಇಲ್ಲಿನ ತೋಟ ಹಾಗಾಗದೆ ಉಳಿದದ್ದು ಯಾರ ಪುಣ್ಯವೋ!

1799ರಿಂದ 1856ರವರೆಗಿನ ಕಥೆಯನ್ನು ಬೇಗ ಮುಗಿಸಬಹುದು. ಓದಲು ಅಷ್ಟು ಉಲ್ಲಾಸದ್ದಲ್ಲ. ಮೇಜರ್ ವಾ ಎಂಬ ಸೈನ್ಯಾಧಿಕಾರಿ ತೋಟವನ್ನು ನೋಡಿಕೊಂಡು, 1819ರಲ್ಲಿ ಕಂಪನಿ ಸರ್ಕಾರಕ್ಕೆ ಒಪ್ಪಿಸಿದನು. ಆಮೇಲೆ ಅದು ಕೈಯಿಂದ ಕೈಗೆ ಹೋಯಿತು. 1836ರಲ್ಲಿ ವಿಲಿಯಂ ಮನ್ರೋ ಎಂಬ ಇನ್ನೊಬ್ಬ ಸೈನ್ಯಾಧಿಕಾರಿಯ ಉತ್ಸಾಹದಿಂದ ಕೃಷಿ ಮತ್ತು ತೋಟಗಾರಿಕೆಯ ಸಂಘವೊಂದು ಹುಟ್ಟಿ ತೋಟವನ್ನು ವಹಿಸಿಕೊಂಡಿತು. ಆರು ವರ್ಷಗಳಲ್ಲಿ ಸಂಘ ಮುಚ್ಚಿತು. ಹೆಸರಿಗೆ ಒಡೆಯರು ಅನೇಕರಿದ್ದ ಕಾಲದಲ್ಲಿಯೂ ಮಾವಿನ ಮರಗಳಿಗೆ ಯಾರೋ ನೀರು ಕಟ್ಟಿದ್ದಾರೆ, ಬೇಲಿ ನೋಡಿಕೊಂಡಿದ್ದಾರೆ. ಅವರ ವಿಷಯಕ್ಕೆ ಮುಂದೆ ಬರುತ್ತೇನೆ.

1856ರಲ್ಲಿ ಡಾಕ್ಟರ್ ಹ್ಯೂ ಕ್ಲೆಗ್‌ಹಾರ್ನರ ಸಲಹೆಯಂತೆ ಇದು ಸರ್ಕಾರಿ ಸಸ್ಯೋದ್ಯಾನವಾಯಿತು. ಕ್ಲೆಗ್‌ಹಾರ್ನರು ಕೊಟ್ಟ ಸಲಹೆಯಲ್ಲಿ ನನಗೆ ಮೆಚ್ಚುಗೆಯಾದ ಅಂಶವೆಂದರೆ, ತೋಟವನ್ನು ವ್ಯಾಪಾರದ ಲಾಭಕ್ಕೆ ಇಳಿಸಬಾರದು ಎಂದದ್ದು. ನಾಡಿನ ಗಿಡಗಳ ಉಪಯೋಗವನ್ನು ಹೆಚ್ಚಿಸುವುದು, ಪ್ರಯೋಜನಕ್ಕೆ ಬರುವ ಹೊರನಾಡಿನ ಗಿಡಗಳನ್ನು ತಂದು ಇಲ್ಲಿಗೆ ಒಗ್ಗಿಸುವುದು, ಮದರಾಸು, ಕಲ್ಕತ್ತ, ಉದಕಮಂಡಲದ ತೋಟಗಳೊಡನೆ ಬೀಜ ಸಸಿಗಳನ್ನು ಕೊಟ್ಟು ತರುವುದು: ಇವು ಅದರ ಕೆಲಸವಾಗಬೇಕೆಂದರು. ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದ ವಿಲಿಯಂ ನ್ಯೂ 1858ರಲ್ಲಿ ಬಂದು, 1861ರಲ್ಲಿ ಇಲ್ಲಿನ ಗಿಡಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದನು. 1874ರಲ್ಲಿ ಜಾನ್ ಕ್ಯಾಮರಾನ್ ಬಂದರು. ಅವರು 1908ರವರೆಗೆ, ಎಂದರೆ 34 ವರ್ಷ, ಈ ತೋಟವನ್ನು ಬಿಟ್ಟು ಕದಲಲಿಲ್ಲ. ಅವರು ಬಂದಾಗ 45 ಎಕರೆಯಿದ್ದ ತೋಟ 1894ರ ಹೊತ್ತಿಗೆ ಬಂಡೆಯನ್ನೂ ಗೋಪುರವನ್ನೂ ಒಳಗೊಂಡು 188 ಎಕರೆಯಾಯಿತು. ಇಂದು ಅದು 240 ಎಕರೆ.

ಇಲ್ಲಿ ಇಂಗ್ಲಿಷರ ಪಕ್ಷದವರು ತಲೆಯೆತ್ತುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೆ: 1881ರಲ್ಲಿ ರಾಜ್ಯ ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂದಿತು; ತೋಟ ಅಷ್ಟು ದೊಡ್ಡದಾದದ್ದು ಅದರ ಅನಂತರ, ಮೈಸೂರು ಬೊಕ್ಕಸದ ಹಣದಿಂದ. ಅದಕ್ಕೆ ಹಿಂದಿನ ಕಮಿಷನರುಗಳ 50 ವರ್ಷದಲ್ಲಿಯೂ ಖರ್ಚಾದದ್ದು ಮೈಸೂರು ರೈತನ ಕಂದಾಯವೇ. ದೊಡ್ಡ ಬಾಗಿಲಿನ ಬಳಿ ಕುದುರೆಯೇರಿ ನಿಂತಿರುವ ಚಾಮರಾಜೇಂದ್ರ ಒಡೆಯರ ಪ್ರತಿಮೆಯನ್ನು ಮಕ್ಕಳಿಗೆ ತೋರಿಸುವಾಗ ಇದನ್ನು ಹೇಳುತ್ತೇನೆ. ಹಾಗೆಂದು ಕ್ಯಾಮರಾನರ ಕೆಲಸವನ್ನು ಚಿಕ್ಕದು ಮಾಡಲಾಗದು. ಅದರ ರುಚಿ ನಮ್ಮ ನಮ್ಮ ಮನೆಯ ಎಲೆಯ ಮೇಲೆಯೇ ಇದೆ.

ಸೀಮೆಬದನೆಕಾಯಿಯನ್ನೇ ನೋಡಿ. ಮೆಕ್ಸಿಕೋ ಕಡೆಯ ಈ ಬಳ್ಳಿ ಬೆಂಗಳೂರಿನ ಸುತ್ತ ಹಬ್ಬಿದ್ದು ಲಾಲ್‌ಬಾಗಿನ ಮೂಲಕ. ತಂದ ಕೀರ್ತಿ ಕ್ಯಾಮರಾನರದು. ನಾವು ಅದನ್ನು ಸೀಮೆಯ ಬದನೆ ಎಂದೆವು. ನಮ್ಮ ಲೆಕ್ಕದಲ್ಲಿ ಅದು ಪರದೇಶದ್ದು. ಆದರೆ ತಮಿಳರು ಅದನ್ನು ಬೆಂಗಳೂರು ಕತ್ತರಿಕ್ಕಾಯಿ ಎನ್ನುತ್ತಾರೆ, ತೆಲುಗರು ಬೆಂಗಳೂರು ವಂಕಾಯ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ನಮ್ಮದೇ ಊರಿನದು! ಒಂದು ಕಾಯಿ ನೆಂಟನೂ ಹೌದು, ಮನೆಮಗನೂ ಹೌದು. ಯಾರ ಹಿತ್ತಿಲಲ್ಲಿ ನಿಂತು ನೋಡುತ್ತೀರಿ ಎಂಬುದರ ಮೇಲೆ ಹೆಸರು.

ಗಿಡಗಳು ಎಲ್ಲಿಂದ ಬಂದುವು ಎಂಬುದಕ್ಕೆ ಸರ್ಕಾರದ ಕಡತಕ್ಕಿಂತ ನಮ್ಮ ನುಡಿಯೇ ಒಳ್ಳೆಯ ದಾಖಲೆ ಎಂದು ನನ್ನ ಅಭಿಪ್ರಾಯ. ಸೀಮೆಹುಣಿಸೆ, ಸೀಮೆಅಕ್ಕಿ, ಸೀಮೆಎಣ್ಣೆ, ಸೀಮೆಸುಣ್ಣ ಎಂದು ಹೊರಗಿನಿಂದ ಬಂದದ್ದಕ್ಕೆಲ್ಲ ನಮ್ಮವರು ಸೀಮೆ ಎಂಬ ಚೀಟಿ ಅಂಟಿಸಿದರು. ಪರಂಗಿಹಣ್ಣಿನ ಪರಂಗಿ ಎಂದರೆ ಫಿರಂಗಿಯವನು, ಯೂರೋಪಿನವನು. ಅದು ಲಾಲ್‌ಬಾಗು ಹುಟ್ಟುವ ಮೊದಲೇ ಪೋರ್ಚುಗೀಸರ ಹಡಗಿನಲ್ಲಿ ಬಂದು ನೆಲೆಸಿತು. ಇನ್ನೊಂದು ದಾಖಲೆ ಅಡುಗೆಯ ಮನೆಯಲ್ಲಿದೆ. ಹಿರಿಯರ ತಿಥಿಯ ದಿನ ಅನೇಕ ಮನೆಗಳಲ್ಲಿ ಎಲೆಕೋಸು, ಹೂಕೋಸು, ಗಜ್ಜರಿ, ಹುರುಳಿಕಾಯಿ, ಆಲೂಗಡ್ಡೆ, ಸೀಮೆಬದನೆ ಯಾವುದೂ ಒಳಗೆ ಬರುವಂತಿಲ್ಲ. ಮೆಣಸಿನಕಾಯಿಯ ಜಾಗದಲ್ಲಿ ಕಾಳುಮೆಣಸು. ಸೌತೆ, ಹಾಗಲ, ಬಾಳೆಕಾಯಿ, ಗೋರಿಕಾಯಿ ನಡೆಯುತ್ತವೆ. ಏಕೆ ಎಂದರೆ ‘ಅವು ಇಂಗ್ಲಿಷ್ ತರಕಾರಿ, ಆಗದು’ ಎಂದು ಅಜ್ಜಿಯರು ಹೇಳುತ್ತಾರೆ. ತಿಥಿಯನ್ನು ಉಣ್ಣುವವರು ಹಿರಿಯರು. ಅವರ ಕಾಲದಲ್ಲಿ ಯಾವುದು ಇರಲಿಲ್ಲವೋ ಅದನ್ನು ಅವರಿಗೆ ಬಡಿಸುವುದಿಲ್ಲ. ಸಸ್ಯಶಾಸ್ತ್ರದ ಪುಸ್ತಕವನ್ನು ತೆರೆಯದ ಅಡುಗೆಯವರು ಅಮೆರಿಕ ಯೂರೋಪುಗಳ ಕಾಯಿಪಲ್ಯವನ್ನು ಹೆಚ್ಚುಕಡಮೆ ತಪ್ಪಿಲ್ಲದೆ ಬೇರ್ಪಡಿಸಿ ಇಟ್ಟುಕೊಂಡು ಬಂದಿದ್ದಾರೆ! ಮರುದಿನ ಅದೇ ಒಲೆಯ ಮೇಲೆ ಹುರುಳಿಕಾಯಿಯ ಪಲ್ಯ ಸಿದ್ಧವಾಗುತ್ತದೆ ಎಂಬುದು ಬೇರೆ ಮಾತು.

ಎಲ್ಲ ಸಲವೂ ಚೀಟಿ ಉಳಿಯಲಿಲ್ಲ. ಲಾಲ್‌ಬಾಗಿನಲ್ಲಿ ನಾಗಲಿಂಗದ ಮರದ ಕೆಳಗೆ ಮಕ್ಕಳನ್ನು ನಿಲ್ಲಿಸಿ, ಬೊಡ್ಡೆಯಿಂದಲೇ ಹೊರಟ ಹೂವನ್ನು ತೋರಿಸಿ, ಇದು ಯಾವ ನಾಡಿನದು ಎಂದು ಕೇಳುತ್ತೇನೆ. ಹೆಡೆಯೆತ್ತಿದ ಹಾವು, ಅದರಡಿಯಲ್ಲಿ ಪುಟ್ಟ ಲಿಂಗ. ಶಿವಾಲಯದ ಅಂಗಳದಲ್ಲಿ ನೋಡಿ ನೋಡಿ ಬಲ್ಲ ಹೂವು. ‘ನಮ್ಮದೇ ಸಾರ್’ ಎಂದು ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಅದರ ತೌರುಮನೆ ದಕ್ಷಿಣ ಅಮೆರಿಕ. ಸೀಮೆ ಎಂಬ ಮಾತಿಗೆ ಅವಕಾಶವನ್ನೇ ಕೊಡದೆ ಆ ಮರ ನೇರವಾಗಿ ಗುಡಿಯೊಳಕ್ಕೆ ನಡೆದುಬಿಟ್ಟಿತು. ಪಕ್ಕದಲ್ಲೇ ಸಂಪಿಗೆಯೂ ರಂಜೆಯೂ ಇವೆ. ಅವು ನಮ್ಮ ಹಳೆಯ ಕವಿಗಳು ಬಲ್ಲ ಮರಗಳು. ಮೂರೂ ಒಂದೇ ನೆರಳಿನಲ್ಲಿ ನಿಂತಿರುವುದನ್ನು ನೋಡಿದ ಮೇಲೆ ಹುಡುಗರ ಚರ್ಚೆಯ ಕಾವು ಸ್ವಲ್ಪ ಇಳಿಯುತ್ತದೆ.

ಕ್ಯಾಮರಾನರ ಕಾಲದ ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಚೆಲುವಯ್ಯ ರಾಜು ಎಂಬ ಚಿತ್ರಗಾರರು ತೋಟದ ಗಿಡ, ಹೂವು, ಕಾಯಿಗಳನ್ನು ಎದುರಿಗಿಟ್ಟುಕೊಂಡು ಬಣ್ಣದಲ್ಲಿ ಬರೆದರು. ಛಾಯಾಚಿತ್ರಕ್ಕೆ ಬಣ್ಣವಿಲ್ಲದ ಕಾಲದಲ್ಲಿ ಒಂದು ಎಲೆಯ ನರ, ಒಂದು ಎಸಳಿನ ಕೆಂಪು ಇಂಥದೇ ಎಂದು ತಿಳಿಯಬೇಕಾದರೆ ಅಂಥ ಕೈಯೇ ಬೇಕಾಗಿತ್ತು. ಕ್ಯಾಮರಾನರ ಹೆಸರನ್ನು ಬಲ್ಲವರಲ್ಲಿ ನೂರಕ್ಕೆ ಒಬ್ಬರಾದರೂ ರಾಜು ಅವರ ಹೆಸರನ್ನು ಕೇಳಿರುವರೋ ಇಲ್ಲವೋ.

ಗಾಜಿನ ಮನೆಗೆ ಅಸ್ತಿಭಾರ ಹಾಕಿದ್ದು 1889ರ ನವೆಂಬರ್ 30ರಂದು, ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್. ಲಂಡನ್ನಿನಲ್ಲಿ 1851ರ ಪ್ರದರ್ಶನಕ್ಕಾಗಿ ಎದ್ದ ಸ್ಫಟಿಕದ ಅರಮನೆಯನ್ನು ನೋಡಿ ಇದನ್ನು ಕಲ್ಪಿಸಿದರು. ಆ ಅರಮನೆ 1936ರಲ್ಲಿ ಬೆಂಕಿಗೆ ಆಹುತಿಯಾಯಿತು, ಇಲ್ಲಿನದು ನಿಂತಿದೆ. ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ, ಇಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಮೊದಲ ಸಲ ಹೋಗುವವರು ಆ ದಿನಗಳನ್ನು ಆರಿಸಿಕೊಳ್ಳದಿರುವುದು ಮೇಲು. ಆಗ ಹೂವಿಗಿಂತ ಮನುಷ್ಯರ ಬೆನ್ನೇ ಹೆಚ್ಚಾಗಿ ಕಾಣುತ್ತದೆ. ವಾರದ ನಡುವಿನ ಒಂದು ದಿನ, ಬೆಳಗ್ಗೆ ಎಂಟರೊಳಗೆ ಹೋದರೆ ಮರಗಳ ಮೇಲಿನ ಫಲಕವನ್ನು ಸಾವಕಾಶವಾಗಿ ಓದಬಹುದು.

ಕ್ಯಾಮರಾನರ ಅನಂತರ ಬಂದವರು ಜರ್ಮನಿಯ ಡ್ರೆಸ್ಡನ್ ಕಡೆಯ ಕ್ರುಂಬಿಗಲ್. ಕ್ಯೂ ತೋಟದಲ್ಲಿ ದುಡಿದು, ಬಡೋದೆಯ ಮಹಾರಾಜರ ತೋಟಗಳನ್ನು ನೋಡಿಕೊಂಡು, 1908ರಲ್ಲಿ ಮೈಸೂರಿನ ಸೇವೆಗೆ ಬಂದರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರ ಹೂವುದುರಿಸುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷದ ಯಾವ ತಿಂಗಳೂ ಊರು ಬೋಳಾಗಿರಬಾರದು ಎಂಬುದು ಅವರ ಲೆಕ್ಕಾಚಾರ. ಗುಲ್‌ಮೊಹರು ಮಡಗಾಸ್ಕರಿನದು, ಜಕರಂಡ ದಕ್ಷಿಣ ಅಮೆರಿಕದ್ದು. ಬೆಂಗಳೂರಿನ ವಸಂತವೆಂದು ಇಂದು ಚಿತ್ರ ತೆಗೆಯುವವರು ತೆಗೆಯುವುದು ಈ ನೆಂಟರನ್ನೇ. ಯುದ್ಧದ ಕಾಲದಲ್ಲಿ ಜರ್ಮನಿಯವರೆಂಬ ಒಂದೇ ಕಾರಣಕ್ಕಾಗಿ ಬ್ರಿಟಿಷರು ಇವರನ್ನು ಸೆರೆಯಲ್ಲಿಟ್ಟರು. ತೋಟಕ್ಕೆ ಬೇಕಾದ ಮನುಷ್ಯ ಸರ್ಕಾರದ ಕಣ್ಣಿಗೆ ಶತ್ರು! ಅವರು ಊರಿಗೆ ಹಿಂದಿರುಗಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು, ಹೊಸೂರು ರಸ್ತೆಯ ಸ್ಮಶಾನದಲ್ಲಿ ಮಲಗಿದ್ದಾರೆ.

1932ರಲ್ಲಿ ಎಚ್. ಸಿ. ಜವರಾಯರು ಸೂಪರಿಂಟೆಂಡೆಂಟರಾದರು. ಆ ಸ್ಥಾನಕ್ಕೆ ಬಂದ ಮೊದಲನೆಯ ಭಾರತೀಯರು ಅವರೇ. 1935ರಲ್ಲಿ ಗಾಜಿನ ಮನೆಯನ್ನು ವಿಸ್ತರಿಸಿದ್ದು ಅವರ ಕಾಲದಲ್ಲಿ. ಅನಂತರ ಬಂದ ಎಂ. ಎಚ್. ಮರಿಗೌಡರು ತೋಟವನ್ನು ಬೇಲಿಯಿಂದ ಹೊರಗೆ ಕೊಂಡೊಯ್ದವರು ಎನ್ನಬಹುದು. 1963ರಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾಯಿತು; ಜಿಲ್ಲೆ ಜಿಲ್ಲೆಗೂ ತೋಟಗಾರಿಕೆಯ ಕ್ಷೇತ್ರಗಳು ಹಬ್ಬಿದುವು. ನಮ್ಮ ಊರುಗಳಲ್ಲಿ ರೈತ ಒಂದು ಕಸಿಮಾವಿನ ಸಸಿಯನ್ನೋ ಸಪೋಟವನ್ನೋ ಇಲಾಖೆಯ ಕ್ಷೇತ್ರದಿಂದ ಕೊಂಡುತಂದು ನೆಡುತ್ತಾನಲ್ಲ, ಆಗ ಅವನು ಲಾಲ್‌ಬಾಗಿನ ಒಂದು ಗಜ ನೆಲವನ್ನೇ ಮನೆಗೆ ತಂದಂತೆ. ತೋಟ ಯಾರದು ಎಂಬ ವಾದದಲ್ಲಿ ಮರಿಗೌಡರ ಹೆಸರು ಏಕೆ ಕೇಳಿಬರುವುದಿಲ್ಲವೋ ನಾನರಿಯೆ. ಬದುಕಿದ್ದವರ ನೆನಪಿಗೆ ಹತ್ತಿರವಾದವರು ಚರಿತ್ರೆಯಲ್ಲಿ ಸೇರಲು ಸ್ವಲ್ಪ ಕಾಯಬೇಕಾಗುತ್ತದೆಯೋ ಏನೋ.

ಇನ್ನು ನೀರು ಕಟ್ಟಿದವರ ಮಾತು. ಗಾಜಿನ ಮನೆಯ ಸುತ್ತ ದೊಡ್ಡ ದೊಡ್ಡ ಅತಿಥಿಗಳು ನೆಟ್ಟ ಮರಗಳಿವೆ, ಬುಡದಲ್ಲಿ ಹೆಸರಿನ ಕಲ್ಲುಗಳಿವೆ. 1961ರಲ್ಲಿ ಇಂಗ್ಲೆಂಡಿನ ಎರಡನೆಯ ಎಲಿಜಬೆತ್ ರಾಣಿ ನೆಟ್ಟ ಮರವೂ ಅವುಗಳಲ್ಲೊಂದು. ಕೆಲವು ವರ್ಷಗಳ ಹಿಂದೆ ಅಂಥ ಒಂದು ಮರದಡಿ ತರಗೆಲೆ ಗುಡಿಸುತ್ತಿದ್ದ ವಯಸ್ಸಾದ ಮಾಲಿಯೊಬ್ಬರನ್ನು ನಮ್ಮ ಹುಡುಗಿಯೊಬ್ಬಳು, ‘ತಾತ, ಈ ಮರ ನೆಟ್ಟವರು ಯಾರು?’ ಎಂದು ಕೇಳಿದಳು. ಅವರು ಕಲ್ಲಿನ ಕಡೆ ಕೈ ತೋರಿಸಿ, ‘ನೆಟ್ಟೋರು ಯಾರೋ ದೊಡ್ಡೋರು ಕಣವ್ವ, ಅಲ್ಲೇ ಬರ್ದವ್ರೆ. ನೀರು ಹಾಕ್ದೋನು ನಮ್ಮಪ್ಪ’ ಎಂದರು. ಹುಡುಗಿ ತನ್ನ ಟಿಪ್ಪಣಿಯ ಪುಸ್ತಕದಲ್ಲಿ ಎರಡನ್ನೂ ಬರೆದುಕೊಂಡಳು.

ಬೆಂಗಳೂರಿನಲ್ಲಿ ತೋಟದ ಕೆಲಸ ಎಂದರೆ ಮೊದಲು ನೆನಪಿಗೆ ಬರುವವರು ತಿಗಳರು, ವಹ್ನಿಕುಲದವರು. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುವ ಕರಗ ಇವರದು. ಹೂವು, ಸೊಪ್ಪು, ಕಾಯಿಪಲ್ಯ ಬೆಳೆಯುವುದು ತಲೆತಲಾಂತರದ ಕಸುಬು. ಇವರನ್ನು ತಮಿಳು ಸೀಮೆಯಿಂದ ಕರೆತಂದವನು ಹೈದರನೆಂದು ಕೆಲವರು ಹೇಳುತ್ತಾರೆ. ಅದಕ್ಕಿಂತ ಬಹಳ ಹಿಂದಿನಿಂದಲೇ ಇದ್ದವರೆಂದು ಇನ್ನು ಕೆಲವರು. ಅದೇನೇ ಇರಲಿ, ಕ್ಯೂ ತೋಟದಿಂದ ಬಂದವನಿಗೆ ಲ್ಯಾಟಿನ್ ಹೆಸರು ಗೊತ್ತಿತ್ತು. ಈ ಮಣ್ಣು ಯಾವ ತಿಂಗಳು ಎಷ್ಟು ನೀರು ಕುಡಿಯುತ್ತದೆ ಎಂಬುದು ಗೊತ್ತಿದ್ದುದು ಇಲ್ಲಿಯ ತೋಟಗಾರರಿಗೆ. ಅವರ ಸ್ವಂತ ತೋಟಗಳು ಊರಿನ ಕೆರೆಗಳನ್ನು ನೆಚ್ಚಿಕೊಂಡಿದ್ದುವು. ಸಂಪಂಗಿ ಕೆರೆಯ ಅಂಗಳದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ನಮ್ಮ ಊರಿನ ಬಸ್ಸು ಮೆಜೆಸ್ಟಿಕ್ಕಿನಲ್ಲಿ ನಮ್ಮನ್ನು ಇಳಿಸುವುದು ಧರ್ಮಾಂಬುಧಿ ಕೆರೆಯ ಒಡಲಿನಲ್ಲಿ. ಮಕ್ಕಳಿಗೆ ಇದನ್ನು ಹೇಳಿದರೆ ಕಾಲಕೆಳಗೆ ನೋಡಿಕೊಳ್ಳುತ್ತಾರೆ. ಕೆರೆ ಹೋದ ಮೇಲೆ ಅದರ ಕೆಳಗಿನ ತೋಟ ಉಳಿಯುವುದೆಂತು? ಲಾಲ್‌ಬಾಗಿನ ದಕ್ಷಿಣದ ಕೆರೆ ಮಾತ್ರ ತೋಟದ ಬೇಲಿಯೊಳಗಿದ್ದುದರಿಂದ ಉಳಿದುಕೊಂಡಿತು. ಮಧ್ಯಾಹ್ನ ಅದರ ಏರಿಯ ಮೇಲೆ ಕುಳಿತು ಬುತ್ತಿ ಬಿಚ್ಚಿದರೆ ನೀರುಕಾಗೆಗಳು ರೆಕ್ಕೆ ಹರಡಿ ಬಿಸಿಲು ಕಾಯಿಸುವುದು ಕಾಣುತ್ತದೆ.

ಈಗ ಮೆಟ್ರೋ ರೈಲು ತೋಟದ ಪಶ್ಚಿಮದ ಬಾಗಿಲಿಗೇ ಬರುತ್ತದೆ. 2017ರಿಂದ ಈ ಅನುಕೂಲವಾಗಿದೆ. ಮೆಜೆಸ್ಟಿಕ್ಕಿನಲ್ಲಿ ಇಳಿದು ರೈಲು ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಮರಗಳ ಕೆಳಗಿರಬಹುದು. ಹಿಂದಿರುಗುವ ಮೊದಲು ನಾವು ತಪ್ಪದೆ ಹೋಗುವ ಜಾಗ ಸಸಿ ಮಾರುವ ನರ್ಸರಿ. ಕಳೆದ ವರ್ಷ ಮಕ್ಕಳು ತಲೆಗೆ ಹತ್ತು ರೂಪಾಯಿ ಕೂಡಿಸಿ, ಬಹಳ ಹೊತ್ತು ಚರ್ಚೆ ಮಾಡಿ, ಒಂದು ಸಂಪಿಗೆಯನ್ನೂ ಒಂದು ನಾಗಲಿಂಗವನ್ನೂ ಕೊಂಡರು. ಬಸ್ಸಿನಲ್ಲಿ ಅವನ್ನು ತೊಡೆಯ ಮೇಲೆ ಇಟ್ಟುಕೊಳ್ಳುವವರು ಯಾರು ಎಂಬುದು ತುಮಕೂರಿನವರೆಗೂ ತೀರ್ಮಾನವಾಗಲಿಲ್ಲ. ಶಾಲೆಯ ನೀರಿನ ತೊಟ್ಟಿಯ ಪಕ್ಕದಲ್ಲಿ ನೆಟ್ಟಿದ್ದೇವೆ. ನೀರು ಹಾಕುವ ಸರದಿಯ ಪಟ್ಟಿ ಒಂಬತ್ತನೆಯ ತರಗತಿಯ ಗೋಡೆಯ ಮೇಲಿದೆ.